ಅತ್ತೆಯ ನೆತ್ತರು, ಅತ್ತೆಯ ಪುನರ್ಪುಳಿ

ಈ ಬೆಳಿಗ್ಗೆ ಪ್ರಯೋಗಶಾಲೆಯಲ್ಲಿ ಪೊಟ್ಟಣ ಬಿಚ್ಚಿದ್ದೇ ತಡ, ಒಣಗಿದ ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ, ಸಿಪ್ಪೆಯ ವಾಸನೆಗೆ ಬಾಯಲ್ಲಿ ನೀರೂರಿತು. ಜೊತೆಗೇ ನಾಚಿಕೆಯೂ ಆಯಿತು. ಯಾಕೆಂದು ಹೇಳುತ್ತೇನೆ, ನಗಬೇಡಿ.

ನನ್ನ ಒಡನಾಟ ಬಿಳಿ ರಕ್ತಕಣಗಳ ಜೊತೆ. ರೋಗಾಣುಗಳನ್ನು ಸುಡಲು ಇವು ತಮ್ಮೊಳಗೇ ಒಂದು ಬಗೆಯ ಕಿಚ್ಚು ಹೊತ್ತಿಸಿಕೊಳ್ಳುತ್ತವೆ. ಅತಿಯಾದರೆ ತಾವೇ ಬೇಯುತ್ತವೆ. ಅದಕ್ಕೆ ಉತ್ಕರ್ಷಣ ಒತ್ತಡವೆಂಬ ದೊಡ್ಡ ಹೆಸರು. ಒಂದು ಬಣ್ಣ ಹಾಕಿದರೆ, ಕಿಚ್ಚು ಹೆಚ್ಚಿದಷ್ಟೂ ಕಣ ಹಸಿರಾಗಿ ಹೊಳೆಯುತ್ತದೆ. ಯಂತ್ರ ಆ ಹೊಳಪನ್ನು ಅಳೆಯುತ್ತದೆ. ಪುನರ್ಪುಳಿ ರಸ ಅದನ್ನು ತಗ್ಗಿಸೀತೇ? ತಗ್ಗಿಸದಿದ್ದರೆ ಸಂಶೋಧನೆಯ ವಿಷಯ ಬದಲಿಸು ಎಂದಿದ್ದರು ನನ್ನ ಮಾರ್ಗದರ್ಶಕಿ ಮೇಡಂ. ಎರಡು ವರ್ಷದ ದುಡಿಮೆ ನೀರುಪಾಲಾಗುತ್ತಿತ್ತು.

ಕಳೆದ ವರ್ಷ ಶಿರೂರಿನ ನಮ್ಮತ್ತೆ ಸಿಪ್ಪೆಯನ್ನೂ ಕೊಟ್ಟರು, ಪರೀಕ್ಷೆಗೆ ನೆತ್ತರನ್ನೂ ಕೊಟ್ಟರು. "ತೆಗಿ ಹೆಣೆ, ಮೀನ್ ಕೊಯ್ವತಿಗೆ ಇದ್ಕಿಂತ ಜಾಸ್ತಿ ಹೋತ್ತ್" ಎಂದು ಕಣ್ಣು ಮುಚ್ಚಿ ಕೈ ಚಾಚಿದ್ದರು.

ಆ ನೆತ್ತರಿನ ಕಣಗಳಿಗೆ ಸಿಪ್ಪೆ ನೆನೆಸಿದ ರಸ ಹಾಕಿದೆ. ಹೊಳಪು ಸೊನ್ನೆ! ಕುಣಿದುಬಿಟ್ಟೆ. ಅತ್ತೆಗೆ ಫೋನ್ ಮಾಡಿದೆ, ಮೇಡಂಗೆ ಸಿಹಿ ಕೊಟ್ಟೆ. ಮೇಡಂ ಬಾಯಾಡಿಸುತ್ತಲೇ ಕೇಳಿದರು: "ಕಣಗಳು ಬದುಕಿವೆಯಾ, ನೋಡಿದ್ಯಾ?"

ನೋಡಿರಲಿಲ್ಲ. ಸೂಕ್ಷ್ಮದರ್ಶಕದಡಿ ಎಲ್ಲವೂ ಮುದುಡಿ ಸತ್ತು ಬಿದ್ದಿದ್ದವು. ಸತ್ತ ಮೇಲೆ ಯಾವ ಒತ್ತಡ?

ಸಿಪ್ಪೆಗೆ ಏನಾದರೂ ಹಾಕಿದ್ದಿರಾ ಎಂದು ಅತ್ತೆಗೆ ಫೋನ್ ಮಾಡಿ ಕೇಳಿದರೆ, "ಉಪ್ಪ್ ಹಾಕ್ದೆ ಸಿಪ್ಪೆ ಒಣಗ್ಸುಕ್ ಆತ್ತಾ? ಮಳಿಗಾಲದಗೆ ಹುಳ ಬೀಳುದಿಲ್ಯಾ?" ಎಂದರು. ಬಾಲ್ಯದಲ್ಲಿ ಆ ಉಪ್ಪು ಸವರಿದವಳೇ ನಾನು. ಡಿಗ್ರಿಗಳ ಗದ್ದಲದಲ್ಲಿ ಮರೆತಿದ್ದೆ. ಆ ಉಪ್ಪೇ ಕಣಗಳ ನೀರು ಹೀರಿ ಕೊಂದಿದೆ ಎಂದು ವಿವರಿಸಿದೆ. "ಹಂಗಾರೆ ನನ್ ನೆತ್ರನ್ನ ನಾನೇ ಕೊಂದ್ನಾ?" ಎಂದರು ಅತ್ತೆ.

ನಗು ಬಂತು, ಹಿಂದೆಯೇ ಅಳುವೂ ಬಂತು.

ಈ ಸಲ ಅವರು ಉಪ್ಪು ಮುಟ್ಟಿಸದೆ, ಕಾಗೆ ಓಡಿಸುತ್ತ, ಬಿಸಿಲಿಗೆ ತಿರುವಿ ತಿರುವಿ ಒಣಗಿಸಿದ್ದಾರೆ. ಈ ಬೆಳಿಗ್ಗೆ ತಾವೇ ಪೊಟ್ಟಣ ಹಿಡಿದು ಬಸ್ಸು ಹತ್ತಿ ಬಂದು, ಮತ್ತೆ ಕಣ್ಣು ಮುಚ್ಚಿ ಕೈ ಚಾಚಿದರು. ನಾನು ಮೊದಲು ನೋಡಿದ್ದು ಹೊಳಪನ್ನಲ್ಲ, ಕಣಗಳ ಜೀವವನ್ನು. ಎಲ್ಲ ಗಟ್ಟಿಮುಟ್ಟಾಗಿದ್ದವು. ಹೊಳಪು ಮಾತ್ರ ಅರ್ಧಕ್ಕೆ ಇಳಿದು ನಿಂತಿತ್ತು. ಮೇಡಂ ಅಂಕಿಗಳನ್ನು ಎರಡೆರಡು ಸಲ ಓದಿ, "ವಿಷಯ ಬದಲಿಸೋದು ಬೇಡ" ಎಂದರು. ಎದೆ ಹಗುರಾಯಿತು. ಆದರೂ ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದ ಅತ್ತೆಗೆ ಹೇಳಲು ಸಂಕೋಚ.

"ಅರ್ಧ ಮಾತ್ರ ಕಮ್ಮಿ ಆಯ್ತ್ ಅತ್ತೆ."

"ಜೀವ ಉಳದಿತ್ತಾ?"

"ಎಲ್ಲ ಉಳದಿತ್ತ್."

"ಮತ್ತೆಂತ? ಕಿಚ್ಚ್ ಪೂರಾ ನಂದ್ರೆ ರೋಗ ಸುಡುದ್ ಯಾರ್ ಹೆಣೆ?"

ಎರಡು ವರ್ಷ ಸೊನ್ನೆಗಾಗಿ ಹಂಬಲಿಸಿದ ನಾನು ಅತ್ತೆಯ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅವರನ್ನು ಊಟಕ್ಕೆ ಕರೆದುಕೊಂಡು ಹೋದೆ.