ಮಾತ್ರೆಯ ಪಂಕ್ತಿ

ನಮ್ಮ ದೊಡ್ಡಮ್ಮ ಹಾಸ್ಟೆಲ್ಲಿನ ಊಟದ ಮನೆಯಲ್ಲಿ ಬಡಿಸಿ ಬಡಿಸಿಯೇ ತಲೆ ನರೆಸಿಕೊಂಡವಳು. ಪಂಕ್ತಿಭೇದವೆಂದರೆ ಅವಳಿಗೆ ಕೊಲೆಗಿಂತ ದೊಡ್ಡ ಪಾಪ. ಕೆಲಸ ಬಿಟ್ಟ ಮೇಲೆ ಅವಳ ಪಂಕ್ತಿಗೆ ಉಳಿದವರು ಇಬ್ಬರೇ: ಬಿ.ಪಿ. ಇರುವ ದೊಡ್ಡಪ್ಪ, ಗುಂಡುಕಲ್ಲಿನ ಹಾಗಿದ್ದ ಚಿಕ್ಕಪ್ಪ. ಅವಳಿಗೋ ಸಕ್ಕರೆ ಕಾಯಿಲೆ.

ಊಟವಾದ ಕೂಡಲೇ ಮಾತ್ರೆಯ ಡಬ್ಬಿ ಹಿಡಿದು ಬರುತ್ತಿದ್ದಳು. ಬಿ.ಪಿ.ಯದು ಮೂವರಿಗೂ, ಸಕ್ಕರೆಯದೂ ಮೂವರಿಗೂ.

"ಅತ್ತಿಗೆ, ನಂಗಿನ್ನೂ ಹಳದೀದು ಬಂದಿಲ್ಲ," ಎಂದು ಚಿಕ್ಕಪ್ಪ ಅಂಗೈ ಚಾಚುತ್ತಿದ್ದ.

ಇದೆಂಥ ಹುಚ್ಚು ಎಂದು ನಾನು ಬಾಯಿ ಬಡಿದುಕೊಂಡೆ.

"ಒಬ್ಬರಿಗೆ ಹಾಕಿ, ಇನ್ನೊಬ್ಬರನ್ನ ಬಾಯಿ ನೋಡ್ತಾ ಕೂರಿಸ್ಲಾ? ನನ್ ಕೈಲಾಗಲ್ಲ ಕಣೆ!" ಎಂದು ನನ್ನನ್ನೇ ಗದರಿದಳು.

ಒಂದು ಮಧ್ಯಾಹ್ನ ಚಿಕ್ಕಪ್ಪ ತಲೆ ಸುತ್ತಿ ಬಚ್ಚಲಲ್ಲಿ ಉರುಳಿದ. ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು.

"ಇವರಿಗೇನು ಕಾಯಿಲೆ?" ಎಂದರು ಡಾಕ್ಟರು.

"ಏನೂ ಇಲ್ಲ ಡಾಕ್ಟ್ರೇ. ಆದ್ರೂ ಮಾತ್ರೆಗೆ ಯಾವತ್ತೂ ಕಮ್ಮಿ ಮಾಡಿಲ್ಲ," ಎಂದಳು ದೊಡ್ಡಮ್ಮ ಹೆಮ್ಮೆಯಿಂದ.

ಡಾಕ್ಟರು ಬೈದ ಬೈಗುಳಕ್ಕೆ ದೊಡ್ಡಮ್ಮ ಬಗ್ಗಿದಳು. ಈಗ ಅವರವರ ಮಾತ್ರೆ ಅವರವರಿಗೆ. ಚಿಕ್ಕಪ್ಪನ ಅಂಗೈ ಮಾತ್ರ ಖಾಲಿ. ಅವನು ಮುಖ ಊದಿಸಿಕೊಂಡು ಕೂತ. ಆಮೇಲೆ ಇದ್ದಕ್ಕಿದ್ದಂತೆ ಗೆಲುವಾದ.

ವಿಚಾರಿಸಿದರೆ, ಊಟ ಮನೆಯಲ್ಲಿ ಮುಗಿಸಿ, ಮಾತ್ರೆಗೆ ಪಕ್ಕದ ಮನೆಗೆ ಹೋಗುತ್ತಿದ್ದಾನೆ. ಅಲ್ಲಿನ ಅಜ್ಜಿಯದು ಧಾರಾಳ ಕೈಯಂತೆ.