ಅಯ್ಯನವರ ಕ್ಲಚ್ಚು

ಭಕ್ತರು ನನ್ನ ಎರಡೂ ಪಾದಗಳನ್ನು ಒಂದೇ ಶ್ರದ್ಧೆಯಿಂದ ತೊಳೆಯುತ್ತಾರೆ. ಆದರೆ ಎರಡರ ಯೋಗ್ಯತೆ ಒಂದೇ ಅಲ್ಲ ಎಂಬ ಗುಟ್ಟನ್ನು ನಿಮಗೆ ಮಾತ್ರ ಹೇಳುತ್ತೇನೆ. ನನ್ನ ಬಲಗಾಲು ಭಾರೀ ಚಪಲದ್ದು. ಎಕ್ಸಲರೇಟರ್ ಸಿಕ್ಕಿತೆಂದರೆ ಅದಕ್ಕೆ ನಾನು ಜಂಗಮ ಎಂಬುದೇ ಮರೆತುಹೋಗುತ್ತದೆ.

ಗಡಿಭಾಗದ ನಿಲಂಗದಲ್ಲಿ ಮನೆ. ಉಮರ್ಗಾದಿಂದ ಕಾಸಾರಶಿರಸಿಯವರೆಗೆ ಮನೆ ಮನೆಯ ಪೂಜೆ, ಮದುವೆ, ಗೃಹಪ್ರವೇಶ ನನ್ನ ಪಾಲಿನ ಕಾಯಕ. ಇಂಥವನಿಗೆ ಟರ್ಬೊ ಕಾರು ಯಾಕೆ ಎಂದು ಕೇಳಬೇಡಿ. ಕೊಂಡದ್ದೂ ಅಲ್ಲದೆ ಪುಣೆಗೆ ಒಯ್ದು, ಎಂಜಿನ್ನಿನ ಕಂಪ್ಯೂಟರಿಗೆ ಬೇರೆ ಬುದ್ಧಿ ಹೇಳಿಸಿ, ಶಕ್ತಿ ಹೆಚ್ಚಿಸಿಕೊಂಡು ಬಂದೆ. ಬುದ್ಧಿ ಹೇಳಿಸಿಕೊಳ್ಳಬೇಕಾದವನು ಕಾರಿನ ಹೊರಗೆ ನಿಂತಿದ್ದ.

ಕೆಲವೇ ತಿಂಗಳಿಗೆ ಉಮರ್ಗಾ ದಾರಿಯ ಏರಿನಲ್ಲಿ ಎಂಜಿನ್ ಅಬ್ಬರಿಸಿತು, ಕಾರು ಮಾತ್ರ ತನ್ನ ಪಾಡಿಗೆ ತಾನು ತೆವಳಿತು. ಸುಟ್ಟ ವಾಸನೆ ಬೇರೆ. ಕ್ಲಚ್ ಜಾರುತ್ತಿತ್ತು. ಹೆಚ್ಚಿದ ಶಕ್ತಿಯನ್ನು ಕಂಪನಿಯ ಕ್ಲಚ್ಚು ಹಿಡಿದುಕೊಳ್ಳಲಾರದೆ ಸೋತಿತ್ತು.

ಉದಗೀರದ ಖಾಜಾ ಮಿಸ್ತ್ರಿ ಎರಡು ದಾರಿ ತೋರಿಸಿದ. ಒಂದು, ರೇಸಿನವರು ಹಾಕಿಸುವ ಲೋಹದ ಬಿಲ್ಲೆಗಳ ಪ್ಲೇಟು; ಎಷ್ಟು ಶಕ್ತಿ ಬಂದರೂ ಹಿಡಿಯುತ್ತದೆ, ಆದರೆ ಹಿಡಿಯುವಾಗ ಗಾಡಿಯನ್ನೇ ಎತ್ತಿ ಝಾಡಿಸುತ್ತದೆ, ಪೆಡಲೂ ಕಲ್ಲಿನಷ್ಟು ಗಟ್ಟಿ. ಇನ್ನೊಂದು, ಎಂದಿನಂಥದೇ ಪ್ಲೇಟು, ಒತ್ತುವ ಸ್ಪ್ರಿಂಗು ಮಾತ್ರ ಬಲವಾದದ್ದು. ನನ್ನ ಕಾರಿನ ಶಕ್ತಿಗೆ ಸಾಕಾಗಿ ಸ್ವಲ್ಪ ಮಿಗುತ್ತದೆ, ಪೆಡಲು ತುಸು ಭಾರ, ಅಷ್ಟೆ. ನಾನು ಥಟ್ಟನೆ ಮೊದಲನೆಯದನ್ನು ಆರಿಸಿದೆ.

ನಮ್ಮ ಕಡೆ ಒಂದು ತೊಂದರೆ ಇದೆ. ಅಯ್ಯನವರ ಮಾತಿಗೆ ಯಾರೂ ಎದುರಾಡುವುದಿಲ್ಲ. ಅಲ್ಲಿಂದಲೇ ಕಾಸಾರಶಿರಸಿಯ ಅಡತಿ ಅಂಗಡಿಯ ಸಾವಕಾರರನ್ನು ಫೋನಿನಲ್ಲಿ ಕೇಳಿದರೆ, ನೀವು ಅಂದದ್ದೇ ಬರೋಬರಿ ಎಂದರು. ಅವರು ಜನ್ಮದಲ್ಲಿ ಸ್ಟೀರಿಂಗ್ ಹಿಡಿದವರಲ್ಲ. ಹೀಗೆ ನನ್ನ ತಪ್ಪುಗಳು ಊರೂರಿನ ಒಪ್ಪಿಗೆ ಪಡೆದೇ ಮುಂದೆ ಸಾಗುತ್ತವೆ.

ಮಿಸ್ತ್ರಿ ಮಾತ್ರ ಒಂದು ಪ್ರಶ್ನೆ ಕೇಳಿದ. "ಅಯ್ಯನೋರ, ಗಾಡಿ ಮತ್ಯಾರರೆ ನಡಸ್ತಾರೇನ್ರೀ?"

"ನಾ ಒಬ್ಬನೇ" ಎಂದೆ.

ಪಕ್ಕದ ಸ್ಟೂಲಿನ ಮೇಲೆ ನನ್ನ ಹೆಂಡತಿ ಶೋಭಾ ಕೂತಿದ್ದಳು. ಅವಳಿಗೆ ದೇವಣಿಯ ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತ್ತು. ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಅದಕ್ಕೆಂದೇ ನಲವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿತು, ಲೈಸೆನ್ಸ್ ಪಡೆದಿದ್ದಳು. ಇದೆಲ್ಲ ಗೊತ್ತಿದ್ದೂ ನಾನು ಆಡಿದ ಮಾತು ಅದು.

ಗ್ಯಾರೇಜಿನ ಅಂಗಳದಲ್ಲಿ ಯಾರದೋ ಕಾರಿಗೆ ಆ ರೇಸಿನ ಕ್ಲಚ್ಚೇ ಇತ್ತು. ಶೋಭಾ ಎದ್ದು ಹೋಗಿ, ಕೂತು, ಪೆಡಲು ಒತ್ತಿದಳು. ಅರ್ಧಕ್ಕೇ ನಿಂತಿತು. ಸೀಟಿಗೆ ಬೆನ್ನು ಕೊಟ್ಟು ಮತ್ತೆ ಒತ್ತಿದಳು. ಇಳಿದು ಬಂದು ನನ್ನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಇದು ಹಾಕ್ಸಿದ್ರ ನಾ ದೇವಣಿಗೆ ಹೋಗೋದು ಮುಗೀತು. ಗೊತ್ತಿದ್ದೇ ಹಾಕ್ಸಲಾಕತ್ತೀರೇನು?"

ನನಗೆ ನಾಚಿಕೆಯಾಯಿತು. ಅಂಗ ಲಿಂಗದಲ್ಲಿ ಕೂಡಲು ನಮ್ಮ ಶಾಸ್ತ್ರ ಆರು ಸ್ಥಲ ಹೇಳುತ್ತದೆ. ಭಕ್ತನಾದವನು ಒಂದೇ ಜಿಗಿತಕ್ಕೆ ಐಕ್ಯನಾಗುವುದಿಲ್ಲ ಎಂದು ಮದುವೆ ಮಂಟಪಗಳಲ್ಲಿ ನಾನೇ ಗಂಟೆಗಟ್ಟಲೆ ಉಪದೇಶ ಮಾಡಿದ್ದೇನೆ. ಒಳ್ಳೆಯ ಕ್ಲಚ್ಚೂ ಹಾಗೆಯೇ, ತುಸು ಜಾರಿ, ತುಸು ತಡೆದು, ಆಮೇಲೆ ಪೂರಾ ಕೂಡುತ್ತದೆ. ಜಾರುವುದೇ ಇಲ್ಲ ಎಂದು ಹಟ ಹಿಡಿದದ್ದು ಝಾಡಿಸುತ್ತದೆ. ಇಷ್ಟೆಲ್ಲ ಬಲ್ಲವನಿಗೆ ಹೆಂಡತಿಯ ಕಾಲಿಗೆ ಬಗ್ಗುವ ಪೆಡಲು ಬೇಕೆಂದು ಹೊಳೆಯಲಿಲ್ಲ ನೋಡಿ. ಹೊಳೆದಿತ್ತು, ಬೇಡವೆಂದು ಬಿಟ್ಟಿದ್ದೆ.

"ಖಾಜಾಭಾಯಿ, ಆ ಎರಡನೇದ್ದ ಹಾಕ್ರಿ. ನಾವಿಬ್ಬರೂ ನಡಸೋರು" ಎಂದೆ. ಅವನಿಗೆ ನಿರಾಳವಾದಂತೆ ಕಂಡಿತು.

ಹೊಸ ಪ್ಲೇಟು ಹದಕ್ಕೆ ಬರುವವರೆಗೆ ಗಾಡಿಯನ್ನು ಸಾವಕಾಶ ಓಡಿಸಬೇಕಂತೆ. ನನ್ನ ಬಲಗಾಲಿನ ಮೇಲೆ ನಂಬಿಕೆಯಿಲ್ಲದೆ ಆ ಕೆಲಸವನ್ನೂ ಶೋಭಾಳೇ ವಹಿಸಿಕೊಂಡಳು. ಕೆಲಸಕ್ಕೆ ಸೇರುವ ದಿನ ಧೈರ್ಯ ಹೇಳಲೆಂದು ನಾನೂ ಪಕ್ಕದಲ್ಲಿ ಕೂತೆ. ದೇವಣಿ ಸಮೀಪದ ಏರಿನಲ್ಲಿ ದನಗಳ ಹಿಂಡೊಂದು ಅಡ್ಡ ಬಂತು. ಬಿಳಿ ಮೈ, ಕರಿ ಮಚ್ಚೆ, ತಮ್ಮಪ್ಪನ ರಸ್ತೆಯೋ ಎಂಬ ನಡಿಗೆ. ಕಾರು ನಿಂತಿತು. ಹಿಂದೆ ಕಬ್ಬಿನ ಲಾರಿಯೊಂದು ಬಂಪರಿಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು ನಿಂತಿತು. ಹಿಡಿ, ಬಿಡು, ಈಗಲ್ಲ, ಈಗ ಎಂದು ನಾನು ವಟಗುಟ್ಟುತ್ತಿದ್ದರೆ, ನನ್ನ ಎಡಗಾಲು ಅಲ್ಲಿ ಇಲ್ಲದ ಪೆಡಲನ್ನು ನೆಲಕ್ಕೆ ತಾಗುವ ತನಕ ತುಳಿಯುತ್ತಿತ್ತು.

ದನ ದಾಟಿದವು. ಶೋಭಾ ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು. ಕಾರು ಒಂದು ಬೆರಳಷ್ಟೂ ಹಿಂದೆ ಸರಿಯದೆ, ಝಾಡಿಸದೆ, ಏರನ್ನು ಹತ್ತಿತು.

"ಇನ್ನರೆ ಕಾಲ ಮಡಚಿ ಕುಂದರ್ರಿ, ಪೂಜಿಗೆ ಕುಂತಂಗ" ಎಂದಳು, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

ನಾನು ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡು ಪದ್ಮಾಸನ ಹಾಕಿದೆ. ದೇವಣಿ ಬರುವವರೆಗೂ ಬಿಚ್ಚಲಿಲ್ಲ.