ಬಸಿದ ನೀರು ಮತ್ತು ಭಾನುವಾರದ ಪುರವಣಿ

ಭಾನುವಾರದ ಪುರವಣಿಯಲ್ಲಿ ಅಡುಗೆಯ ಅಂಕಣವನ್ನು ಯಾವಾಗಲೂ ಕೊನೆಯ ಪುಟಗಳಿಗೆ ತಳ್ಳಿರುತ್ತಾರೆ. ಒಂದು ಬದಿಗೆ ರಾಶಿಭವಿಷ್ಯ, ಇನ್ನೊಂದು ಬದಿಗೆ ಪದಬಂಧ, ನಡುವೆ ಇಕ್ಕಟ್ಟಿನಲ್ಲಿ ಒಂದು ಬಟ್ಟಲು ಪಾಯಸದ ಚಿತ್ರ. ಪತ್ರಿಕೆಯನ್ನು ಹಿಂದಿನಿಂದ ಮುಂದಕ್ಕೆ ಓದುವ ಅಭ್ಯಾಸ ನನಗೆ ಅಂಟಿದ್ದು ಈ ಅಂಕಣದಿಂದಲೇ. ಲೋಕದ ಯುದ್ಧಗಳು, ರಾಜ್ಯದ ರಾಜಕಾರಣ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಿಂತಲ್ಲೇ ನಿಂತ ವಾಹನಗಳು, ಇವೆಲ್ಲ ನಾನು ಓದಲಿ ಬಿಡಲಿ ತಮ್ಮ ಪಾಡಿಗೆ ತಾವು ನಡೆಯುತ್ತವೆ. ಆದರೆ ಹಾಗಲಕಾಯಿಯ ಗೊಜ್ಜಿಗೆ ಬೆಲ್ಲವನ್ನು ಮೊದಲು ಹಾಕಬೇಕೋ ಕೊನೆಯಲ್ಲಿ ಹಾಕಬೇಕೋ ಎಂಬ ಪ್ರಶ್ನೆ, ನಾನೊಮ್ಮೆ ಕಣ್ಣು ಹಾಯಿಸದಿದ್ದರೆ, ಇತ್ಯರ್ಥವಾಗದೆ ಉಳಿದುಬಿಡುತ್ತದೆ ಎಂಬ ಆತಂಕ ನನ್ನದು.

ನೀವು ನನ್ನನ್ನು ಪಾಕಪ್ರವೀಣನೆಂದು ತಿಳಿಯುವ ಮೊದಲೇ ಹೇಳಿಬಿಡುತ್ತೇನೆ: ಮೊನ್ನೆ ಮೊನ್ನೆಯವರೆಗೆ ಒಲೆಯೊಂದಿಗೆ ನನ್ನ ಸಂಬಂಧ, ಹಾಲು ಉಕ್ಕಿದಾಗ ಓಡಿಹೋಗಿ ಆರಿಸುವಷ್ಟಕ್ಕೆ ಸೀಮಿತವಾಗಿತ್ತು, ಅದೂ ಬಹುಪಾಲು ಉಕ್ಕಿ ಚೆಲ್ಲಿದ ಮೇಲೆ. ಸಂಗೀತ ಬಾರದವನು ಕಛೇರಿಯ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವಂತೆ ನಾನು ಒಗ್ಗರಣೆಯ ವರ್ಣನೆಗೆ ತಲೆದೂಗುವವನು. ಜಾಲಹಳ್ಳಿಯ ಕಾರ್ಖಾನೆಯೊಂದರ ಉಗ್ರಾಣ ವಿಭಾಗದಲ್ಲಿ ಇದ್ದಷ್ಟು ಕಾಲ, ಆರ್.ಟಿ. ನಗರದಿಂದ ಹೊರಡುವ ಕಂಪನಿ ಬಸ್ಸಿನಲ್ಲಿ ಉಳಿದವರು ಪತ್ತೇದಾರಿ ಕಾದಂಬರಿ ಹಿಡಿದಿದ್ದರೆ ನನ್ನ ಕೈಯಲ್ಲಿ ಪಾಕಶಾಸ್ತ್ರದ ಪುಸ್ತಕವಿರುತ್ತಿತ್ತು. ಹಾಗೆ ನೋಡಿದರೆ ಎರಡಕ್ಕೂ ಅಂಥ ಅಂತರವೇನಿಲ್ಲ. ಅವರ ಪುಸ್ತಕದಲ್ಲಿ ಯಾರು ಸತ್ತರೆಂಬುದು ಮೊದಲ ಪುಟದಲ್ಲೇ ಗೊತ್ತಾಗಿ, ಹೇಗೆ ಸತ್ತರೆಂಬುದು ನಿಧಾನವಾಗಿ ತಿಳಿಯುತ್ತಿತ್ತು; ನನ್ನ ಪುಸ್ತಕದಲ್ಲಿ ಬದನೆಕಾಯಿಯ ಗತಿಯೂ ಹಾಗೆಯೇ. ಒಳ್ಳೆಯ ಸಾಲು ಸಿಕ್ಕರೆ ಪಕ್ಕದವನಿಗೆ ಓದಿ ಹೇಳುವ ಚಾಳಿ ಬೇರೆ. ನಾಗಸಂದ್ರದ ಕಡೆಯ ಗೆಳೆಯನೊಬ್ಬ ಒಂದು ದಿನ ತಾಳ್ಮೆಗೆಟ್ಟು, "ಗುರು, ಬೆಳಗ್ಗೆ ಬೆಳಗ್ಗೆ ಇದೆಲ್ಲ ಓದ್ಬೇಡ ಕಣೋ, ಮಧ್ಯಾಹ್ನದ ಡಬ್ಬಿ ಇಲ್ಲೇ ಖಾಲಿ ಆಗತ್ತೆ" ಎಂದು ಕೈಮುಗಿದ.

ಬಸ್ಸಿನಲ್ಲಿ ಮನ್ನಣೆ ಸಿಗದ ಈ ಪಾಂಡಿತ್ಯಕ್ಕೆ ಮನೆಯಲ್ಲಿ ಮಾತ್ರ ಒಬ್ಬ ಶ್ರೋತೃ ಇದ್ದಳು. ನನ್ನ ಹೆಂಡತಿ ಶಾರದೆ ಯಲಹಂಕದ ಪಕ್ಕದ ಹಳ್ಳಿಯ ಒಕ್ಕಲು ಮನೆತನದವಳು. ನಾನು ಬಾಗಲಕೋಟೆಯ ಕಡೆಯಿಂದ ನೌಕರಿಗೆಂದು ಬಂದು ಇಲ್ಲೇ ಬೇರುಬಿಟ್ಟವನು. ಸಂಜೆ ಕಾಫಿಯ ಹೊತ್ತಿಗೆ ಅವಳು ಸೊಪ್ಪು ಬಿಡಿಸುತ್ತ ಕೂತರೆ ನಾನು ಅಂದು ಓದಿದ ಅಧ್ಯಾಯದ ಸಾರಾಂಶವನ್ನು ನಿವೇದಿಸುತ್ತಿದ್ದೆ. ಅವಳು "ಹೂಂ" ಎನ್ನುತ್ತಿದ್ದಳು. ಆ ಹೂಂಕಾರದಿಂದ ಮೆಚ್ಚುಗೆಯನ್ನಾಗಲಿ ತಿರಸ್ಕಾರವನ್ನಾಗಲಿ ಊಹಿಸುವುದು ಸಾಧ್ಯವಿರಲಿಲ್ಲ. ಆದರೆ ಒಂದೆರಡು ವಾರ ಕಳೆದ ಮೇಲೆ, ಮಾಮೂಲಿ ಬೀನ್ಸ್ ಪಲ್ಯದ ಮೇಲೆ ಹುರಿದ ಕೊತ್ತಂಬರಿ ಬೀಜದ ಒರಟು ಪುಡಿ ಉದುರಿರುತ್ತಿತ್ತು. ಹೆಸರುಕಾಳಿಗೆ ಜಜ್ಜಿದ ಬೆಳ್ಳುಳ್ಳಿಯನ್ನು ಕೆಂಪಗೆ ಕಾಯಿಸಿ ಸುರಿದಿರುತ್ತಿದ್ದಳು. ಓದು ಅಡುಗೆಮನೆಯನ್ನು ಪ್ರವೇಶಿಸುವುದು ಹೀಗೆ ಎಂದು ಕಾಣುತ್ತದೆ. ಹೊಸ ಭಕ್ಷ್ಯವೊಂದು ಮೆರವಣಿಗೆಯಲ್ಲಿ ಬರುವುದಿಲ್ಲ. ಹಳೆಯ ಪಲ್ಯದ ಒಂದು ಮೂಲೆ ಸದ್ದಿಲ್ಲದೆ ಬದಲಾಗುತ್ತದೆ. ಕೇಳಿದರೆ "ನೀವೇ ಹೇಳಿದ್ರಲ್ಲ" ಎನ್ನುವಳು, ನನಗೋ ಹೇಳಿದ್ದು ಮರೆತೇ ಹೋಗಿರುತ್ತಿತ್ತು.

ಒಮ್ಮೆ ಮಾತ್ರ ಈ ವಿನಿಮಯ ನನ್ನ ಅಳತೆ ಮೀರಿತು. ನಮ್ಮವ್ವ ಮಾಡುತ್ತಿದ್ದ ಶೇಂಗಾ ಚಟ್ನಿಯಂತೆ ನಿನ್ನದಾಗುವುದಿಲ್ಲ ಎಂದು ಶಾರದೆಯನ್ನು ವರ್ಷಗಟ್ಟಲೆ ಗೋಳುಹೊಯ್ದುಕೊಂಡಿದ್ದೆ. ಏನು ವ್ಯತ್ಯಾಸ ಹೇಳಿ ಎಂದರೆ ಹೇಳಲು ಬರುತ್ತಿರಲಿಲ್ಲ. ಅವ್ವನನ್ನು ಕೇಳೋಣವೆಂದರೆ ಅವ್ವ ಇರಲಿಲ್ಲ. ಅಂಥದ್ದರಲ್ಲಿ ಯಾರೋ ಅಪರಿಚಿತ ಮಹಿಳೆ ಪುರವಣಿಯಲ್ಲಿ ತನ್ನ ಬಾಲ್ಯದ ಅಡುಗೆಮನೆಯನ್ನು ನೆನೆಯುತ್ತ, ಶೇಂಗಾವನ್ನು ಪುಡಿ ಮಾಡಿದರೆ ಸಾಲದು, ಎಣ್ಣೆ ಬಿಟ್ಟು ಒಂದಕ್ಕೊಂದು ಅಂಟುವವರೆಗೆ ಕುಟ್ಟಬೇಕು ಎಂದು ಬರೆದಿದ್ದರು. ಓದಿ ಹೇಳಿದೆ. ಶಾರದೆ ಬಾಲ್ಕನಿಯಲ್ಲಿ ತುಳಸಿ ಕುಂಡಕ್ಕೆ ಆಸರೆಯಾಗಿದ್ದ ಕಲ್ಲನ್ನು ತೊಳೆದಳು. ಅದೊಂದು ಕುಟ್ಟುವ ಒರಳೆಂದು ನನಗೆ ಅಂದೇ ಗೊತ್ತಾದದ್ದು. ಮರುದಿನ ಊಟಕ್ಕೆ ಕೂತು ಮೊದಲ ತುತ್ತು ಬಾಯಿಗಿಟ್ಟಾಗ ನನಗೆ ಅಳು ಬಂತು. ಖಾರ ಜಾಸ್ತಿಯಾಯಿತು ಎಂದೆ. ಅವಳು ನಂಬಿದಂತೆ ನಟಿಸಿದಳು.

ಇಷ್ಟಾಗಿಯೂ ಓದಿಗೆ ಒಂದು ಮಿತಿಯಿದೆ. ಅಡುಗೆಯ ಬಗ್ಗೆ ಬರೆಯುವವರು ತಮಗೆ ತೀರಾ ಚೆನ್ನಾಗಿ ಗೊತ್ತಿರುವುದನ್ನೇ ಬರೆಯಲು ಮರೆಯುತ್ತಾರೆ. ಮದುವೆಯಾದ ಹೊಸದರಲ್ಲಿ ಮಾವನ ಮನೆಗೆ ಹೊರಟಾಗ, ಅಳಿಯನಿಗೆ ತಕ್ಕ ಸಿದ್ಧತೆಯಿರಲೆಂದು ರಾಗಿಮುದ್ದೆಯ ಮಹಿಮೆಯನ್ನು ಓದಿಕೊಂಡೇ ಹೋಗಿದ್ದೆ. ಅದು ದೇಹಕ್ಕೆ ತಂಪು, ದುಡಿಯುವವರಿಗೆ ಕಸುವು, ಮಧುಮೇಹಿಗಳಿಗೆ ಹಿತ ಎಂಬುದೆಲ್ಲ ಕಂಠಪಾಠವಾಗಿತ್ತು. ಅದನ್ನು ಅಗಿಯಬಾರದು ಎಂದು ಮಾತ್ರ ಯಾವ ಪುಣ್ಯಾತ್ಮನೂ ಬರೆದಿರಲಿಲ್ಲ. ನಮ್ಮ ಕಡೆಯ ಖಡಕ್ ಜೋಳದ ರೊಟ್ಟಿಯ ಮೇಲೆ ಸಾಮು ಮಾಡಿ ಬೆಳೆದ ನನ್ನ ಹಲ್ಲುಗಳು ತಮ್ಮ ಕರ್ತವ್ಯದಲ್ಲಿ ಯಾವ ಲೋಪವನ್ನೂ ಮಾಡಲಿಲ್ಲ. ಮುದ್ದೆ ಹಲ್ಲಿಗೂ ಅಂಗುಳಕ್ಕೂ ಸಮನಾಗಿ ಮೆತ್ತಿಕೊಂಡು ನನ್ನ ಬಾಯಿ ಕಟ್ಟಿಹೋಯಿತು. ಬಾಗಿಲ ಹಿಂದೆ ಹೆಂಗಸರ ನಗು ಕೇಳಿಸುತ್ತಿತ್ತು. ಮಾವನವರು ತುಂಬಾ ಹೊತ್ತು ನೋಡಿ, ಕೊನೆಗೆ ಕನಿಕರದಿಂದ, "ಅಳಿಯಂದ್ರೇ, ಅದೇನ್ ಕಬ್ಬಲ್ಲ. ಇಂಗೆ ಸಾರಲ್ಲಿ ಅದ್ದಿ, ಅಂಗೇ ನುಂಗ್ಬಿಡಿ" ಎಂದು ತೋರಿಸಿಕೊಟ್ಟರು.

ಇಂಥ ಪಾಠಗಳಿಂದ ಬುದ್ಧಿ ಬರಬೇಕಿತ್ತು. ಬರಲಿಲ್ಲ ಎಂಬುದಕ್ಕೆ ಈಚಿನ ಸಂಗತಿಯೇ ಸಾಕ್ಷಿ.

ಮಳೆಗಾಲ ಮುಗಿಯುವ ಹೊತ್ತಿಗೆ ಶಾರದೆಗೆ ಜ್ವರ ಬಂತು. ನಮ್ಮ ಬೀದಿಯಲ್ಲಿ ಆಗ ಮನೆಗೊಬ್ಬರಂತೆ ಮಲಗಿದ್ದರು, ಆದ್ದರಿಂದ ಗಾಬರಿಯೇನೂ ಆಗಲಿಲ್ಲ. ಜ್ವರ ಬಿಟ್ಟಿತು ಕೂಡ. ಆದರೆ ಹೋಗುವಾಗ ಅವಳ ನಾಲಿಗೆಯ ರುಚಿಯನ್ನು ಕೊಂಡೊಯ್ದಿತ್ತು. ಹುಳಿ, ಉಪ್ಪು, ಖಾರ ಯಾವುದೂ ತಿಳಿಯುತ್ತಿರಲಿಲ್ಲ. "ಏನ್ ತಿಂದ್ರೂ ಮಣ್ಣು ತಿಂದಂಗೈತೆ" ಎಂದು ತಟ್ಟೆ ಸರಿಸಿ ಗೋಡೆಯ ಕಡೆ ಮಗ್ಗುಲಾಗುವಳು. ಎದುರು ಮನೆಯ ನಸ್ರೀನ್ ದಿನವೂ ತೆಳ್ಳಗೆ ಖಿಚಡಿ ಮಾಡಿ ತರುತ್ತಿದ್ದರು. ಮಂಚದ ಪಕ್ಕದಲ್ಲೇ ಕೂತು, "ಅಕ್ಕಾ, ನನ್ ಮುಖ ನೋಡಿ ಆದ್ರೂ ಎರಡು ಚಮಚ ತಗೊಳ್ಳಿ" ಎಂದು ಗೋಗರೆಯುವರು. ಅವರ ಮುಖ ನೋಡಿ ಶಾರದೆ ಎರಡು ಚಮಚ ತಿನ್ನುವಳು, ಮೂರನೆಯದಕ್ಕೆ ಕಣ್ಣು ಮುಚ್ಚುವಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಡಾಕ್ಟರು ನನ್ನನ್ನು ಹೊರಗೆ ಕರೆದು, ಈ ವಾರದೊಳಗೆ ಊಟ ಹಿಡಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗುತ್ತದೆ, ಮೈಯಲ್ಲಿ ಶಕ್ತಿಯೇ ಉಳಿದಿಲ್ಲ ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೆದರಿದ ಮನುಷ್ಯ ತನಗೆ ಬರುವ ಒಂದೇ ವಿದ್ಯೆಯನ್ನು ಹೊರತೆಗೆಯುತ್ತಾನೆ. ನಾನು ಹಳೆಯ ಪುರವಣಿಗಳನ್ನು ಹರವಿಕೊಂಡು ಅವಳ ಮಂಚದ ಪಕ್ಕ ಕೂತು ಓದತೊಡಗಿದೆ. ಘಮಘಮಿಸುವ, ಬಾಯಲ್ಲಿ ನೀರೂರಿಸುವ, ನಾಲಿಗೆಯ ಮೇಲೆ ಕರಗುವ ಎಂಬ ವಿಶೇಷಣಗಳನ್ನು ಸಾಧ್ಯವಾದಷ್ಟು ರಸವತ್ತಾಗಿ ಉಚ್ಚರಿಸಿದೆ. ಪರಿಣಾಮವೆಂದರೆ ನನಗೆ ವಿಪರೀತ ಹಸಿವಾಯಿತು, ಅವಳು ನಿದ್ದೆಹೋದಳು. ಆಗ ಕಣ್ಣಿಗೆ ಬಿದ್ದದ್ದು ಬಸ್ಸಾರಿನ ಪುಟ. ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದು ಮಾಡುವ ಆ ಸಾರು ಅವಳ ತವರಿನ ನಿತ್ಯದ ಊಟ. ಮುದ್ದೆಗೆ ಅದರಷ್ಟು ಒಪ್ಪುವ ಜೊತೆ ಇನ್ನೊಂದಿಲ್ಲ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು. ಇಷ್ಟು ವರ್ಷ ಓದಿದ್ದು ಸಾಕು, ಇವತ್ತು ಮಾಡಿಯೇ ಬಿಡೋಣ ಎಂದು ಎದ್ದೆ. ಗಾಡಿಯವನ ಹತ್ತಿರ ದಂಟಿನ ಸೊಪ್ಪು ತಂದೆ, ಡಬ್ಬಿಗಳನ್ನು ಒಂದೊಂದಾಗಿ ಮೂಸಿ ಅಲಸಂದೆ ಕಾಳನ್ನು ಪತ್ತೆಹಚ್ಚಿದೆ, ಪುರವಣಿಯನ್ನು ಗೋಡೆಗೆ ಒರಗಿಸಿಟ್ಟುಕೊಂಡು ಅಕ್ಷರಶಃ ಅನುಸರಿಸಿದೆ.

'ಕಾಳು, ಸೊಪ್ಪುಗಳನ್ನು ಉಪ್ಪು ಹಾಕಿ ಬೇಯಿಸಿ. ನೀರನ್ನು ಬಸಿಯಿರಿ. ರುಬ್ಬಿದ ಮಸಾಲೆ ಸೇರಿಸಿ ಕುದಿಸಿ.' ಇಷ್ಟೇ ಬರೆದಿತ್ತು. ಮದುವೆಗೆ ಮುಂಚೆ ಜಾಲಹಳ್ಳಿಯ ಬಾಡಿಗೆ ಕೋಣೆಯಲ್ಲಿ ನಾವು ನಾಲ್ಕು ಜನ ಬ್ರಹ್ಮಚಾರಿಗಳು ಅನ್ನ ಮಾಡಿಕೊಳ್ಳುತ್ತಿದ್ದ ಕಾಲದಲ್ಲಿ, ಬಸಿಯುವುದೊಂದೇ ನಾನು ಕಲಿತಿದ್ದ ಪಾಕಕ್ರಿಯೆ. ಪಾತ್ರೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು ಗಂಜಿಯನ್ನು ಮೋರಿಗೆ ಬಗ್ಗಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಆ ಹಳೆಯ ಹಸ್ತಕೌಶಲ ಇನ್ನೂ ಉಳಿದಿದೆಯಲ್ಲ ಎಂದು ಹೆಮ್ಮೆಪಡುತ್ತ, ಬೆಂದ ಸೊಪ್ಪಿನ ಪಾತ್ರೆಯನ್ನು ಸಿಂಕಿನ ಮೇಲೆ ಬಗ್ಗಿಸಿ ಒಂದು ಹನಿಯೂ ಉಳಿಯದಂತೆ ಸುರಿದೆ. ಹಬೆಯ ಜೊತೆ ಬೆಂದ ಸೊಪ್ಪಿನ ಪರಿಮಳ ಮನೆಯೆಲ್ಲ ತುಂಬಿತು.

ಕೋಣೆಯಿಂದ ದನಿ ಬಂತು. "ರೀ, ಏನ್ ಸುರಿದ್ರಿ?"

"ನೀರು ಬಸದೆ. ಹಂಗಂತ ಬರದಾರ" ಎಂದೆ. ಗಾಬರಿಯಾದಾಗ ನನಗೆ ಊರಿನ ಮಾತೇ ಬರುವುದು.

ಆಮೇಲೆ ಮಂಚ ಕಿರುಗುಟ್ಟಿತು. ಬಚ್ಚಲಿಗೆ ಹೋಗಲೂ ನನ್ನ ಭುಜ ಹಿಡಿಯುತ್ತಿದ್ದವಳು ಗೋಡೆ ಹಿಡಿದುಕೊಂಡು ತಾನೇ ನಡೆದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಖಾಲಿ ಸಿಂಕನ್ನು ನೋಡಿದಳು, ಪಾತ್ರೆ ನೋಡಿದಳು, ಗೋಡೆಗೆ ಒರಗಿದ್ದ ಪುರವಣಿ ನೋಡಿದಳು. "ಸಾರೆಲ್ಲ ಅದ್ರಲ್ಲೇ ಇರೋದು ಕಣ್ರೀ. ಆ ಬಸ್ದ ನೀರೇ ಕಟ್ಟು, ಅದಕ್ಕೇ ಮಸಾಲೆ ಹಾಕಿ ಕುದ್ಸೋದು. ನೀವು ಸಾರನ್ನ ಚೆಲ್ಲಿ ಸೊಪ್ಪು ಇಟ್ಕೊಂಡಿದೀರ" ಎಂದಳು. ಅವಳಿಗೆ ಸಿಟ್ಟು ಬಂದಿತ್ತು. ಕಾಯಿಲೆ ಬಿದ್ದಾಗಿನಿಂದ ಅವಳಿಗೆ ಯಾವುದರ ಮೇಲೂ ಸಿಟ್ಟು ಬಂದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗಲೇ. ಬರೆದವರ ಮೇಲೂ ಅವಳ ಸಿಟ್ಟು ಹರಿಯಿತು: "ಮಸಾಲೆ ಯಾವ್ದಕ್ಕೆ ಸೇರಿಸ್ಬೇಕು ಅಂತ ಬರೀಬಾರ್ದಾ? ಎಲ್ಲಾರೂ ನಮ್ಮೂರಲ್ಲೇ ಹುಟ್ಟಿರ್ತಾರಾ?"

ಸ್ಟೂಲಿನ ಮೇಲೆ ಕುಳ್ಳಿರಿಸಿದೆ. ಅವಳು ಹೇಳುತ್ತ ಹೋದಳು, ನಾನು ಮಾಡುತ್ತ ಹೋದೆ. ಅರ್ಧ ಕಾಳುಸೊಪ್ಪನ್ನು ಮತ್ತೆ ನೀರಿಗೆ ಹಾಕಿ ಕುದಿಸಿ, ಇದ್ದಬದ್ದ ಸತ್ವವನ್ನು ಇಳಿಸಿ, ಒಂದು ಹಿಡಿ ಬೆಂದ ಕಾಳನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ತೆಂಗಿನಕಾಯಿಯ ಜೊತೆ ರುಬ್ಬಿ, ಹುಣಸೆರಸ ಬಿಟ್ಟು ಕುದಿಸಿದ್ದಾಯಿತು. ಹೊಸ ನೀರಿಗೆ ಹೊಸ ಉಪ್ಪು ಬೇಕಲ್ಲವೇ ಎಂದು ನನ್ನದೇ ವಿವೇಚನೆಯಿಂದ ಒಂದು ಹಿಡಿ ಉದುರಿಸಿದೆ. ರುಬ್ಬಿದ್ದಕ್ಕೂ ಒಂದಿಷ್ಟು ಹಾಕಿದ್ದೆ ಎಂಬುದು ಆಮೇಲೆ ನೆನಪಾಯಿತು. ಮುದ್ದೆ ತಿರುವುವಾಗ ಅವಳು ಎದ್ದುನಿಲ್ಲಲು ಹೋದಳು, ನಾನು ಬಿಡಲಿಲ್ಲ. ಅಲ್ಲಲ್ಲಿ ಹಿಟ್ಟಿನ ಗಂಟುಗಳಿರುವ, ಯಾವ ಕೋನದಿಂದಲೂ ಗುಂಡಗೆ ಕಾಣದ ಒಂದು ಪದಾರ್ಥ ಸಿದ್ಧವಾಯಿತು.

ಬಡಿಸುವ ಮೊದಲು ಸೌಟಿನಿಂದ ತುಸು ನಾಲಿಗೆಗೆ ತಾಕಿಸಿಕೊಂಡೆ. ಉಪ್ಪೆಂದರೆ ಉಪ್ಪು. ಬೇರೆ ಮಾಡಲು ಹೊತ್ತಿರಲಿಲ್ಲ, ಅವಳ ಮುಂದೆ ತಟ್ಟೆಯಿಟ್ಟೆ. ಹೇಗಿದ್ದರೂ ಅವಳಿಗೆ ಗೊತ್ತಾಗುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಂತೆ, ಗೊತ್ತಾಗುವುದಿಲ್ಲವಲ್ಲ ಎಂದೇ ಸಂಕಟವಾಯಿತು. ಅವಳು ಒಂದು ತುತ್ತು ಮುರಿದು, ಸಾರಲ್ಲಿ ಹೊರಳಿಸಿ, ನುಂಗಿದಳು. ಇನ್ನೊಂದು ತುತ್ತು ಮುರಿಯಲು ಹೋದ ಕೈ ನಿಂತಿತು. ಹುಬ್ಬು ಗಂಟಿಕ್ಕಿತು.

"ಉಪ್ಪು ಜಾಸ್ತಿ ಆಗೈತೆ ಕಣ್ರೀ."

"ಏನಂದಿ?"

"ಉಪ್ಪು. ಜಾಸ್ತಿ. ಬಾಯಿಗೆ ಇಡಕ್ಕಾಗಲ್ಲ."

ನಾನು ಸೌಟು ಹಿಡಿದು ನಿಂತೇ ಇದ್ದೆ. ನನ್ನ ಮುಖದಲ್ಲಿ ಏನು ಕಂಡಿತೋ, ಅವಳ ಹುಬ್ಬು ಮೆಲ್ಲಗೆ ಸಡಿಲವಾಯಿತು. ತಾನು ಈಗಷ್ಟೇ ಏನು ಹೇಳಿದೆ ಎಂಬುದು ಅವಳಿಗೂ ಅರ್ಥವಾದಂತೆ ತೋರಿತು. ತೋರುಬೆರಳನ್ನು ಸಾರಲ್ಲಿ ಅದ್ದಿ ಮತ್ತೊಮ್ಮೆ ನಾಲಿಗೆಗೆ ಮುಟ್ಟಿಸಿಕೊಂಡಳು, ನಿಧಾನವಾಗಿ, ಕಣ್ಣು ಮುಚ್ಚಿ. ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿ, ಇನ್ನೊಂದು ಸೌಟು ಹಾಕಿ ಎಂದಳು.